ಮ್ಯಾಗ್ಸೆಸೆ ಗೊತ್ತು, ಆ ಹುಕ್ ರೈತರು ಯಾರು?

ಸಂಪಾದಕರಿಗೆ ನಮಸ್ಕಾರ,

ಪ್ರತಿ ವರ್ಷ ಮ್ಯಾಗ್ಸೆಸೆ ಪ್ರಶಸ್ತಿಯ ಸುದ್ದಿ ಹಾಕುವಾಗ ನಿಮ್ಮ ಪತ್ರಿಕೆ ಪಕ್ಕದಲ್ಲಿ ಒಂದು ಚಿಕ್ಕ ಬಾಕ್ಸ್ ಕೊಡುತ್ತದೆ. ರಾಮೋನ್ ಮ್ಯಾಗ್ಸೆಸೆ ಫಿಲಿಪೀನ್ಸಿನ ಜನಪ್ರಿಯ ಅಧ್ಯಕ್ಷರು, ಕಮ್ಯುನಿಸ್ಟ್ ಉಗ್ರರನ್ನು ಹತ್ತಿಕ್ಕಿದವರು, 1957ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅಷ್ಟೇ. ಅದರಲ್ಲಿರುವ 'ಉಗ್ರರು' ಅನ್ನುವ ಆ ಒಂದು ಪದದ ಬಗ್ಗೆ ಹೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಸಾಗರದ ಕಡೆಯವನು. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಈ ಪ್ರಶಸ್ತಿ ಬಂದಾಗಲೇ ಮ್ಯಾಗ್ಸೆಸೆ ಅನ್ನುವ ಹೆಸರು ನಮ್ಮ ಕಡೆ ಮನೆಮಾತಾಗಿದ್ದು. ಆ ಮನುಷ್ಯ ಯಾರು ಅಂತ ಓದಲು ಹೊರಟವನಿಗೆ ಅವರ ಎದುರಿಗೆ ನಿಂತಿದ್ದ, ನೀವು 'ಉಗ್ರರು' ಅನ್ನುವ ಹುಕ್ ರೈತರ ಕಥೆ ಸಿಕ್ಕಿತು, ಅದು ಈಗಲೂ ಮನಸ್ಸಿನಿಂದ ಹೋಗಿಲ್ಲ. ನಮ್ಮಜ್ಜ ಗೇಣಿಗೆ ಗದ್ದೆ ಮಾಡುತ್ತಿದ್ದವರು. ಅದಕ್ಕೇ ಇರಬೇಕು.

ಮನಿಲಾದಿಂದ ಉತ್ತರಕ್ಕೆ ಹೋದರೆ ಪಂಪಾಂಗ, ತಾರ್ಲಾಕ್, ನುಯೆವಾ ಎಸಿಹಾ ಅನ್ನುವ ಪ್ರಾಂತ್ಯಗಳು ಬರುತ್ತವೆ. ಎಲ್ಲಿ ನೋಡಿದರೂ ಭತ್ತ, ಕಬ್ಬು. ನಡುವೆ ಒಂಟಿಯಾಗಿ ನಿಂತ ಅರಾಯತ್ ಬೆಟ್ಟ. ಅಲ್ಲಿನ ಗದ್ದೆಗಳು ದೊಡ್ಡ ದೊಡ್ಡ ಒಡೆಯರವು, ಅವನ್ನು ಅಲ್ಲಿ ಹಸಿಯೆಂಡಾ ಅನ್ನುತ್ತಾರೆ. ಪಾಲಿಗೆ ಉಳುವವನಿಗೆ 'ಕಸಾಮಾ' ಅಂತ ಹೆಸರು. ಲೆಕ್ಕದಲ್ಲಿ ಬೆಳೆ ಅರ್ಧ ಅರ್ಧ. ಆದರೆ ಮಳೆಗಾಲದಲ್ಲಿ ಊಟಕ್ಕಿಲ್ಲದೆ ಒಡೆಯನ ಹತ್ತಿರ ಎರಡು ಚೀಲ ಭತ್ತ ಸಾಲ ತಂದರೆ ಸುಗ್ಗಿಯಲ್ಲಿ ಮೂರು ಚೀಲ ಕೊಡಬೇಕು, ಅದಕ್ಕೆ 'ತಾಲಿಂದುವಾ' ಅನ್ನುತ್ತಿದ್ದರು. ಕೆಲವು ಕಡೆ ಒಂದಕ್ಕೆ ಎರಡು, ಅದು 'ತಾಕಿಪಾನ್'. ಖರ್ಚು, ಸಾಲ, ಬಡ್ಡಿ ಎಲ್ಲಾ ಕಳೆದರೆ ಕಣದಲ್ಲಿ ರೈತನ ಪಾಲಿಗೆ ಏನು ಉಳಿಯುತ್ತಿತ್ತು ಹೇಳಿ. ಗೇಣಿ ಗೊತ್ತಿರುವ ನಮ್ಮ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಆ ದೇಶದಲ್ಲಿ ಎದುರಿಗೆ ನಿಂತವರನ್ನೆಲ್ಲ ಕಳ್ಳರು ಅನ್ನುವ ಚಾಳಿ ಹಳೆಯದು. ಬೊಹೊಲ್ ದ್ವೀಪದ ಫ್ರಾನ್ಸಿಸ್ಕೊ ದಾಗೊಹೊಯ್‌ನ ಸಹೋದರ ಸತ್ತಾಗ ಪಾದ್ರಿ ಶವಸಂಸ್ಕಾರ ಮಾಡಲು ಒಪ್ಪಲಿಲ್ಲ. ಆ ಸಿಟ್ಟಿನಲ್ಲಿ 1744ರಲ್ಲಿ ಹೊತ್ತಿದ ದಂಗೆ ಸ್ಪೇನಿನವರ ವಿರುದ್ಧ 85 ವರ್ಷ ನಡೆಯಿತು, ಶುರು ಮಾಡಿದವರು ಸತ್ತು ಮೊಮ್ಮಕ್ಕಳ ಕಾಲಕ್ಕೆ ಮುಗಿಯಿತು. 1892ರಲ್ಲಿ ಆಂದ್ರೆಸ್ ಬೊನಿಫಾಸಿಯೊ ಮನಿಲಾದಲ್ಲಿ ಕಟಿಪುನಾನ್ ಅನ್ನುವ ಗುಪ್ತ ಕ್ರಾಂತಿ ಸಂಘ ಕಟ್ಟಿದರು, 1896ರಲ್ಲಿ ಸಶಸ್ತ್ರ ಕ್ರಾಂತಿ ಆಯಿತು. ಆಮೇಲೆ ಸ್ಪೇನ್ ಎರಡು ಕೋಟಿ ಡಾಲರಿಗೆ ದೇಶವನ್ನೇ ಅಮೆರಿಕಕ್ಕೆ ಕೊಟ್ಟುಬಿಟ್ಟಿತು. ಅಮೆರಿಕದವರು 1902ರಲ್ಲಿ ದರೋಡೆ ವಿರೋಧಿ ಕಾನೂನು ತಂದರು, ಅಲ್ಲಿಂದ ಮುಂದೆ ಬಂದೂಕು ಹಿಡಿದ ದೇಶಭಕ್ತನೂ ಕಾನೂನಿನ ಕಣ್ಣಿಗೆ ದರೋಡೆಕೋರ. ಸ್ವಾತಂತ್ರ್ಯ ಸಿಗುವವರೆಗೆ ಕೂದಲು ಕತ್ತರಿಸುವುದಿಲ್ಲ ಅಂತ ಹೆಗಲ ಕೆಳಗೆ ಜಡೆ ಬಿಟ್ಟಿದ್ದ ಮಕಾರಿಯೊ ಸಕಾಯ್‌ನನ್ನು 1907ರಲ್ಲಿ ಹಾಗೇ ದರೋಡೆಕೋರ ಅಂತಲೇ ಗಲ್ಲಿಗೆ ಹಾಕಿದರು. ತನ್ನ ವಿರುದ್ಧ ಫಿಲಿಪೀನ್ಸಿನವರು ಮಾಡಿದ ಆ ಇಡೀ ಯುದ್ಧವನ್ನು ಅಮೆರಿಕ ಎಷ್ಟೋ ಕಾಲ 'ಬಂಡಾಯ' ಅಂತಲೇ ಬರೆದುಕೊಂಡಿತ್ತು. ಅವರ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಪಟ್ಟಿಯಲ್ಲಿ ಅದನ್ನು 'ಯುದ್ಧ' ಅಂತ ತಿದ್ದಿದ್ದು 1999ರಲ್ಲಿ!

ಹುಕ್‌ಗಳ ವಿಷಯಕ್ಕೆ ಬರುತ್ತೇನೆ. 1942ರಲ್ಲಿ ಜಪಾನಿಯರು ಬಂದರು. ಎಷ್ಟೋ ಒಡೆಯರು ಊರು ಬಿಟ್ಟು ಮನಿಲಾ ಸೇರಿದರು, ಕೆಲವರು ಜಪಾನಿಯರ ಜೊತೆ ಕೈಜೋಡಿಸಿದರು. ಅದೇ ವರ್ಷ ಮಾರ್ಚ್ 29ರಂದು ಪಂಪಾಂಗ ಕಡೆಯ ರೈತ ಸಂಘದವರೇ ಸೇರಿ ಸೈನ್ಯ ಕಟ್ಟಿದರು. 'ಜಪಾನಿನ ವಿರುದ್ಧ ಜನರ ಸೈನ್ಯ' ಅಂತ ಅದರ ಹೆಸರಿನ ಅರ್ಥ, ಚಿಕ್ಕದಾಗಿ ಹುಕ್. ನಾಯಕ ಲೂಯಿಸ್ ತಾರುಕ್, ಬಡ ರೈತರ ಮಗ. ಅದರಲ್ಲಿ ಹೆಂಗಸರೂ ಇದ್ದರು, ಬರೀ ಅಡುಗೆಗಲ್ಲ. ರೆಮೆಡಿಯೋಸ್ ಗೋಮೆಸ್ ಅನ್ನುವ ಹುಡುಗಿಯ ತಂದೆಯನ್ನು ಜಪಾನಿಯರು ಕೊಂದಿದ್ದರು. ಅವಳು ಬೆಟ್ಟ ಹತ್ತಿ ಕಮಾಂಡರ್ ಲಿವೈವೈ ಆದಳು. ಲಿವೈವೈ ಅಂದರೆ ಅವರ ಭಾಷೆಯಲ್ಲಿ ಬೆಳಗಿನ ಜಾವ. ಕಾಳಗಕ್ಕೆ ಹೊರಡುವ ಮುಂಚೆ ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿಕೊಂಡೇ ಹೋಗುತ್ತಿದ್ದಳಂತೆ. ನನಗೆ ಈ ಹೆಣ್ಣುಮಗಳು ಬಹಳ ಇಷ್ಟ. ಹತ್ತು ಪುಟ ಓದಿದರೂ ಹುಕ್ ಅಂದರೆ ನೆನಪಾಗುವುದು ಅವಳೇ.

ಇನ್ನೊಂದು ಮಾತು. ಅದೇ ಹೊತ್ತಿನಲ್ಲಿ ಸಂಬಾಲೆಸ್ ಬೆಟ್ಟದಲ್ಲಿ ಜಪಾನಿಯರ ವಿರುದ್ಧ ಗೆರಿಲ್ಲಾ ಯುದ್ಧ ಮಾಡುತ್ತಿದ್ದವರಲ್ಲಿ ರಾಮೋನ್ ಮ್ಯಾಗ್ಸೆಸೆಯೂ ಒಬ್ಬರು. ಶತ್ರು ಒಬ್ಬನೇ. ಯುದ್ಧ ಮುಗಿದ ಮೇಲೆ ಅಮೆರಿಕದ ಕಡೆಯ ಗೆರಿಲ್ಲಾಗಳಿಗೆ ಗೌರವ ಸಿಕ್ಕಿತು, ಹುಕ್‌ಗಳಿಗೆ ಬಂದೂಕು ಒಪ್ಪಿಸಿ ಅಂತ ಆಜ್ಞೆ ಬಂತು. 1945ರ ಫೆಬ್ರವರಿಯಲ್ಲಿ ಮಲೋಲೋಸ್ ಪಟ್ಟಣದಲ್ಲಿ ಅವರ ಒಂದು ತುಕಡಿಯ ನೂರಕ್ಕೂ ಹೆಚ್ಚು ಮಂದಿಯನ್ನು, ಅದೂ ಜಪಾನಿಯರ ವಿರುದ್ಧ ಹೋರಾಡಿ ಊರಿಗೆ ವಾಪಸ್ ಹೊರಟಿದ್ದವರನ್ನು, ಇನ್ನೊಂದು ಗೆರಿಲ್ಲಾ ಗುಂಪಿನವರು ಹಿಡಿದು ಕೊಂದರು. ತಾರುಕ್‌ನನ್ನು ಜೈಲಿಗೆ ಹಾಕಿದರು.

ಆದರೂ ಅವರು ತಕ್ಷಣ ಬೆಟ್ಟ ಹತ್ತಲಿಲ್ಲ, ಇದನ್ನು ದಯವಿಟ್ಟು ಗಮನಿಸಿ. 1946ರಲ್ಲಿ ಚುನಾವಣೆಗೆ ನಿಂತರು. ತಾರುಕ್ ಗೆದ್ದ, ಪಂಪಾಂಗ ಕಡೆಯ ಪ್ರಾಂತ್ಯಗಳಿರುವ ಮಧ್ಯ ಲೂಝಾನಿನಲ್ಲಿ ಅವರ ಮೈತ್ರಿಕೂಟಕ್ಕೆ ಆರು ಸೀಟು ಬಂತು. ಆ ಹೊತ್ತಿಗೆ ಸಂಸತ್ತಿನ ಮುಂದೆ ಒಂದು ತಿದ್ದುಪಡಿ ಇತ್ತು: ಫಿಲಿಪೀನ್ಸಿನ ಗಣಿ, ಕಾಡು, ಜಮೀನಿನಲ್ಲಿ ಅಮೆರಿಕನ್ನರಿಗೂ ಸಮಾನ ಹಕ್ಕು ಕೊಡುವುದು. ಅದಕ್ಕೆ ನಾಲ್ಕರಲ್ಲಿ ಮೂರು ಪಾಲು ಮತ ಬೇಕು. ಈ ಆರು ಜನ ಒಳಗೆ ಕೂತಿದ್ದರೆ ಅದು ಪಾಸಾಗುತ್ತಿರಲಿಲ್ಲ. ಚುನಾವಣೆಯಲ್ಲಿ ಬೆದರಿಕೆ ಹಾಕಿ ಗೆದ್ದಿದ್ದೀರಿ ಅಂತ ಅವರನ್ನು ಕೂರಲು ಬಿಡಲಿಲ್ಲ. ಅದೇ ಆಗಸ್ಟಿನಲ್ಲಿ ಅವರ ರೈತ ನಾಯಕ ಹುವಾನ್ ಫೆಲಿಯೊನನ್ನು ದಾರಿಯಲ್ಲಿ ಅಪಹರಿಸಿ ಕೊಂದರು. ಆಮೇಲೆ ಬಂದೂಕು ಮತ್ತೆ ಹೊರಗೆ ಬಂತು.

ಹುಕ್‌ಗಳೇನೂ ತಪ್ಪೇ ಮಾಡಲಿಲ್ಲ ಅಂತ ನಾನು ಹೇಳುತ್ತಿಲ್ಲ. 1949ರಲ್ಲಿ ಮಾಜಿ ಅಧ್ಯಕ್ಷರ ಪತ್ನಿ ಅರೋರಾ ಕೆಝೋನ್, ಅವರ ಮಗಳು, ಅಳಿಯ ಹೋಗುತ್ತಿದ್ದ ಕಾರುಗಳ ಮೇಲೆ ದಾಳಿ ನಡೆದು ಮೂವರೂ ಸತ್ತರು. ಹುಕ್‌ಗಳದ್ದೇ ಕೆಲಸ ಅಂತ ದೇಶಕ್ಕೆ ದೇಶವೇ ಬೈಯಿತು. ಎಷ್ಟೋ ಊರುಗಳ ಜನ ಅವರಿಂದ ದೂರ ಸರಿದರು.

ಮ್ಯಾಗ್ಸೆಸೆಯವರು 1950ರಲ್ಲಿ ರಕ್ಷಣಾ ಸಚಿವರಾದರು. ಅವರ ಒಳ್ಳೆಯ ಕೆಲಸವನ್ನು ಮುಚ್ಚಿಡಬಾರದು. ಕೋಳಿ ಕದಿಯುವ, ಹಳ್ಳಿಯವರನ್ನು ಹೊಡೆಯುವ ಸೈನಿಕರ ಮೇಲೆ ಯಾರು ಬೇಕಾದರೂ ಹತ್ತು ಸೆಂಟಾವೊ ಕೊಟ್ಟು ನೇರವಾಗಿ ತಮಗೇ ಟೆಲಿಗ್ರಾಂ ಕಳಿಸುವ ವ್ಯವಸ್ಥೆ ಮಾಡಿದರು. ಬಡವರಿಗೆ ಅದು ಸಣ್ಣ ಮಾತಲ್ಲ. ಆದರೆ ಅವರ ಪಕ್ಕದಲ್ಲೇ ಇದ್ದ ಅಮೆರಿಕದ ಅಧಿಕಾರಿ ಎಡ್ವರ್ಡ್ ಲ್ಯಾನ್ಸ್‌ಡೇಲ್ ತಾನೇ ಬರೆದುಕೊಂಡ ಒಂದು ಸಂಗತಿ ಇದೆ. ಹಳ್ಳಿಯವರಿಗೆ 'ಅಸ್ವಾಂಗ್' ಅನ್ನುವ ರಕ್ತ ಹೀರುವ ದೆವ್ವದ ಭಯ. ರಾತ್ರಿ ಬೆಟ್ಟದ ದಾರಿಯಲ್ಲಿ ಹೋಗುವ ಹುಕ್ ಗುಂಪಿನ ಕೊನೆಯವನನ್ನು ಸದ್ದಿಲ್ಲದೆ ಹಿಡಿದು, ಕುತ್ತಿಗೆಗೆ ಎರಡು ತೂತು ಮಾಡಿ, ತಲೆಕೆಳಗೆ ನೇತುಹಾಕಿ ರಕ್ತ ಬಸಿದು, ಹೆಣವನ್ನು ಅದೇ ದಾರಿಯಲ್ಲಿ ಮಲಗಿಸಿ ಹೋದರಂತೆ. ಬೆಳಗ್ಗೆ ಅವನನ್ನು ನೋಡಿದವರು ಆ ಬೆಟ್ಟವನ್ನೇ ಬಿಟ್ಟರು. ನಿಮ್ಮ ಬಾಕ್ಸಿನಲ್ಲಿ 'ಹತ್ತಿಕ್ಕಿದರು' ಅಂತಿದೆಯಲ್ಲ, ಅದರೊಳಗೆ ಇದೂ ಇದೆ ಸ್ವಾಮಿ.

ಶರಣಾದ ಹುಕ್‌ಗಳಿಗೆ ಜಮೀನು ಕೊಟ್ಟರು ಅಂತ ಎಲ್ಲರೂ ಹೊಗಳುತ್ತಾರೆ. ಕೊಟ್ಟಿದ್ದು ನಿಜ, ಆದರೆ ಎಲ್ಲಿ? ಪಂಪಾಂಗದ ಒಡೆಯರ ಗದ್ದೆಯಲ್ಲಲ್ಲ, ಹೆಚ್ಚಿನದು ದೂರದ ದಕ್ಷಿಣದ ಮಿಂದನಾವೊ ದ್ವೀಪದಲ್ಲಿ. ಹೋದ ಸಾವಿರದಷ್ಟು ಕುಟುಂಬಗಳಲ್ಲಿ ನಿಜವಾದ ಹುಕ್‌ಗಳು ಸುಮಾರು ಕಾಲು ಭಾಗ ಮಾತ್ರ. ಮತ್ತೆ ಅದು ಯಾರೂ ಇಲ್ಲದ ನೆಲವೇನೂ ಆಗಿರಲಿಲ್ಲ, ಮೊರೊ ಮುಸ್ಲಿಮರು, ಲುಮಾದ್ ಬುಡಕಟ್ಟಿನವರು ತಲೆತಲಾಂತರದಿಂದ ಬಾಳಿದ ಜಾಗ. ಉತ್ತರದಿಂದ ಹೀಗೆ ಜನ ಬರುತ್ತಾ ಬರುತ್ತಾ ಮೊರೊಗಳು ತಮ್ಮ ದ್ವೀಪದಲ್ಲೇ ಅಲ್ಪಸಂಖ್ಯಾತರಾದರು. 1970ರ ದಶಕದಲ್ಲಿ ಅವರು ಬಂದೂಕು ಹಿಡಿದರು. ಸರ್ಕಾರದ ಜೊತೆ ಆದ 2014ರ ಶಾಂತಿ ಒಪ್ಪಂದ, 2019ರಲ್ಲಿ ಬಂದ ಬಾಂಗ್ಸಾಮೊರೊ ಸ್ವಾಯತ್ತ ಪ್ರದೇಶ, ಇವೆಲ್ಲ ಆ ಹೋರಾಟದಿಂದ ಬಂದವು. ಒಂದು ಕಡೆಯ ರೈತನ ಜಗಳವನ್ನು ಇನ್ನೊಬ್ಬನ ನೆಲದ ಮೇಲೆ ತಂದು ಇಳಿಸಿದ ಹಾಗಾಯಿತು. ಅತ್ತ 1955ರ ಭೂ ಕಾನೂನು ಒಟ್ಟಿಗೆ 300 ಹೆಕ್ಟೇರ್ ಭತ್ತದ ಗದ್ದೆ ಇದ್ದ ಒಡೆಯನನ್ನೂ ಮುಟ್ಟಲಿಲ್ಲ!

ತಾರುಕ್ 1954ರಲ್ಲಿ ಶರಣಾದ. 1968ರವರೆಗೆ ಜೈಲು. ಅವನು ಹೊರಬಂದ ಮರುವರ್ಷವೇ ತಾರ್ಲಾಕಿನಲ್ಲಿ ಹಳೆಯ ಹುಕ್ ಗುಂಪಿನ ಹುಡುಗರನ್ನು ಕಟ್ಟಿಕೊಂಡು ನ್ಯೂ ಪೀಪಲ್ಸ್ ಆರ್ಮಿ ಅನ್ನುವ ಕಮ್ಯುನಿಸ್ಟ್ ಗೆರಿಲ್ಲಾ ಸೈನ್ಯ ಹುಟ್ಟಿತು. ಅದಕ್ಕೆ ಅವರು ಆರಿಸಿದ ದಿನ ಹುಕ್ ಸೈನ್ಯ ಹುಟ್ಟಿದ ಅದೇ ಮಾರ್ಚ್ 29.

1951ರಲ್ಲಿ ನಮ್ಮ ಕಾಗೋಡಿನಲ್ಲಿ ಒಡೆಯರ ಕೊಳಗದ ಅಳತೆಯ ವಿರುದ್ಧ ಗೇಣಿದಾರರು ಎದ್ದು ನಿಂತರು, ಬರಿಗೈಯಲ್ಲಿ. ಆ ಹೊತ್ತಿಗೆ ಅರಾಯತ್ ಬೆಟ್ಟದಲ್ಲಿ ಹುಕ್‌ಗಳು ಬಂದೂಕು ಹಿಡಿದು ಕೂತಿದ್ದರು. ದಾರಿ ಬೇರೆ, ಆದರೆ ಕಣದಲ್ಲಿ ಅಳೆದುಕೊಟ್ಟ ಭತ್ತದ ಲೆಕ್ಕ ಒಂದೇ. ಕಾಗೋಡಿನವರನ್ನು ಯಾರಾದರೂ ಒಂದೇ ಪದದಲ್ಲಿ ಮುಗಿಸಿದರೆ ನಮಗೆ ಹೊಟ್ಟೆ ಉರಿಯುತ್ತದೆ.

ಮುಂದಿನ ಸಲ ಪ್ರಶಸ್ತಿಯ ಸುದ್ದಿ ಹಾಕುವಾಗ ಆ ಬಾಕ್ಸಿನಲ್ಲಿ ಎರಡು ಸಾಲು ಜಾಸ್ತಿ ಕೊಡಿ. 'ಉಗ್ರರು' ತೆಗೆದು 'ಗೇಣಿ ರೈತರ ಸಶಸ್ತ್ರ ಹೋರಾಟ' ಅಂತ ಬರೆಯಿರಿ, 1946ರಲ್ಲಿ ಗೆದ್ದವರನ್ನು ಸಂಸತ್ತಿನ ಬಾಗಿಲಲ್ಲೇ ತಡೆದಿದ್ದನ್ನೂ ಸೇರಿಸಿ. ಜಾಗ ಉಳಿದರೆ ಕಮಾಂಡರ್ ಲಿವೈವೈ ಹೆಸರನ್ನೂ ಹಾಕಿ.

– ನಿಮ್ಮ ಓದುಗ, ಸಾಗರ ತಾಲ್ಲೂಕು