ಬೀಜದ ಲಾನ್ ಇನ್ನು ಮಳೆಗಾಲದಲ್ಲಿ ಮಾತ್ರ

ಪ್ರೀತಿಯ ಗ್ರಾಹಕರೇ, ನಮಸ್ಕಾರ.

ಬೀಜ ಬಿತ್ತಿ ಹೊಸ ಲಾನ್ ಬೆಳೆಸಿಕೊಡುವ ಕೆಲಸವನ್ನು ನಮ್ಮ ನರ್ಸರಿ ಈ ವರ್ಷದಿಂದ ಜೂನ್ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ ಮಾಡುತ್ತದೆ. ಮೃಗಶಿರಾ ಮಳೆ ಶುರುವಾದಾಗಿನಿಂದ ಪುಷ್ಯ ಮಳೆ ಮುಗಿಯುವವರೆಗೆ ಅಂದುಕೊಳ್ಳಿ. ಬೇಸಿಗೆಯಲ್ಲಿ ಎಷ್ಟೇ ಅರ್ಜೆಂಟ್ ಇದ್ದರೂ ಬಿತ್ತನೆಗೆ ಒಪ್ಪಿಕೊಳ್ಳುವುದಿಲ್ಲ.

ಇದರಿಂದ ಕೆಲವರಿಗೆ ಬೇಜಾರಾಗುತ್ತದೆ ಅಂತ ಗೊತ್ತು. ಬೆಂಗಳೂರಿನಲ್ಲಿ ಹೊಸ ಮನೆ ಕಟ್ಟಿದವರಿಗೆ ಗೃಹಪ್ರವೇಶದ ಹೊತ್ತಿಗೆ ಮನೆ ಮುಂದೆ ಹಸಿರು ಕಾಣಬೇಕು ಅನ್ನುವ ಆಸೆ. ಮುಹೂರ್ತ ಜಾಸ್ತಿ ಸಿಗುವುದು ಮಾಘದಿಂದ ವೈಶಾಖದ ಒಳಗೆ, ಬಿಸಿಲು ಏರುವುದೂ ಆಗಲೇ. ಆಷಾಢದಲ್ಲಿ ಯಾರೂ ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ. ಹುಲ್ಲಿನ ಬೀಜಕ್ಕೆ ಮಾತ್ರ ಅದೇ ಒಳ್ಳೆ ಕಾಲ.

ನಾವು ಬಿತ್ತುವುದು ಗರಿಕೆ. ಪ್ಯಾಕೆಟ್ ಮೇಲೆ ಬರ್ಮುಡಾ ಅಂತ ಇರುತ್ತದೆ. ಅದರ ಬೀಜ ರಾಗಿ ಕಾಳಿಗಿಂತ ಎಷ್ಟೋ ಸಣ್ಣದು. ಆಳಕ್ಕೆ ಹೋದರೆ ಮೇಲೆ ಬರುವ ಶಕ್ತಿಯೇ ಅದಕ್ಕಿಲ್ಲ, ಕಾಲು ಇಂಚು ಮಣ್ಣು ಮೇಲಿದ್ದರೆ ಅದೇ ಜಾಸ್ತಿ. ಅಷ್ಟು ಮೇಲಿರುವ ಬೀಜಕ್ಕೆ ಮೊದಲ ಎರಡು–ಮೂರು ವಾರ ಪಸೆ ಆರಲೇಬಾರದು. ಏಪ್ರಿಲ್ ಬಿಸಿಲಿಗೆ ಮೇಲ್ಮಣ್ಣು ಬೆಳಗ್ಗೆ ನೆನೆಸಿದರೆ ಮಧ್ಯಾಹ್ನದೊಳಗೆ ಪುಡಿಯಾಗಿರುತ್ತದೆ. ಮೊಳಕೆ ಒಡೆದ ಬೀಜ ಒಂದು ಸಲ ಒಣಗಿತು ಅಂದರೆ ಮುಗಿಯಿತು. ಆಮೇಲೆ ಎಷ್ಟು ನೀರು ಹಾಕಿದರೂ ಅದು ಎದ್ದು ಬರುವುದಿಲ್ಲ.

ನೀರಿನ ಲೆಕ್ಕವನ್ನೂ ನೋಡಿ. 1,000 ಚದರ ಅಡಿ ಜಾಗಕ್ಕೆ ದಿನಕ್ಕೆ 5 ಮಿಲಿಮೀಟರ್ ನೀರು ಕೊಡಬೇಕು ಅಂದರೆ ಸುಮಾರು 465 ಲೀಟರ್. ಮೂರು ವಾರಕ್ಕೆ ಹತ್ತಿರ ಹತ್ತಿರ 10,000 ಲೀಟರ್. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದು ಅಂತ ಆದೇಶ ಮಾಡಿತು, ತಪ್ಪಿದರೆ 5,000 ರೂಪಾಯಿ ದಂಡ. 2025ರ ಫೆಬ್ರವರಿಯಲ್ಲೂ ಅಂಥದ್ದೇ ಆದೇಶ ಬಂತು. ಪಕ್ಕದ ಮನೆಯವರು ಟ್ಯಾಂಕರ್‌ಗೆ ಫೋನ್ ಮಾಡುತ್ತಾ ಕೂತಿರುವಾಗ ನಾವು ಪೈಪ್ ಹಿಡಿದು ಹುಲ್ಲಿಗೆ ನೀರು ಬಿಡುವುದು ನಮಗೆ ಸರಿ ಕಾಣುವುದಿಲ್ಲ. ಜುಲೈನ ಮೋಡ, ಸಣ್ಣ ಸೋನೆ ಮಳೆ ಈ ಕೆಲಸದ ಬಹುಪಾಲನ್ನು ತಾನೇ ಮಾಡುತ್ತದೆ. ಮಳೆ ಬಿಡುವು ಕೊಟ್ಟ ದಿನ ಕ್ಯಾನ್‌ನಲ್ಲಿ ಚಿಮುಕಿಸಿದರೆ ಸಾಕು.

ಹಾಗಾದರೆ ಸೆಪ್ಟೆಂಬರ್ ಯಾಕೆ ಬೇಡ ಅಂತ ಕೇಳಬಹುದು. ಉತ್ತರೆ, ಹಸ್ತದ ಹೊತ್ತಿಗೆ ಇಲ್ಲಿ ಗುಡುಗಿನ ಜೋರು ಮಳೆ ಬರುತ್ತದೆ. ಬೀಜವೆಲ್ಲ ಕೊಚ್ಚಿಕೊಂಡು ಹೋಗಿ ಒಂದು ಮೂಲೆಯಲ್ಲಿ ಗುಂಪಾಗಿ ಹುಟ್ಟುತ್ತದೆ. ಡಿಸೆಂಬರ್ ಚಳಿಯಲ್ಲಿ ಗರಿಕೆ ಮೊಳೆಯಲು ತುಂಬಾ ತಡ ಮಾಡುತ್ತದೆ.

ಬೇಸಿಗೆಯಲ್ಲಿ ನಾವು ಸುಮ್ನೆ ಕೂರುವುದಿಲ್ಲ. ನಿಜವಾದ ಕೆಲಸ ಇರುವುದೇ ಆಗ. ಕಟ್ಟಡ ಮುಗಿದ ಜಾಗದಲ್ಲಿ ಮೇಲೆ ಎರಡು ಇಂಚು ಕೆಂಪು ಮಣ್ಣು ಹರಡಿರುತ್ತಾರೆ. ಗುದ್ದಲಿ ಹಾಕಿದರೆ ಕೆಳಗೆ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಉಂಡೆ. ಅದನ್ನು ತೆಗೆಯದೆ ಬಿತ್ತಿದ ಲಾನ್ ಮಳೆ ನಿಂತ ಮೇಲೆ ತೇಪೆ ತೇಪೆಯಾಗಿ ಹಳದಿ ತಿರುಗುತ್ತದೆ. ಆದ್ದರಿಂದ ಏಪ್ರಿಲ್ ಕೊನೆಯಿಂದ ಮೇ ಪೂರ್ತಿ ಒಂಬತ್ತು ಇಂಚು ಅಗೆದು, ಕಸ ಆರಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ನೀರು ಮನೆಯ ಕಡೆ ಹರಿಯದಂತೆ ಸ್ವಲ್ಪ ಇಳಿಜಾರು ಕೊಟ್ಟು ಬಿಡುತ್ತೇವೆ. ಮುಂಗಾರಿಗೆ ಮೊದಲು ಬೀಳುವ ಮಳೆಗೆ ಮಣ್ಣಿನಲ್ಲಿದ್ದ ಕಳೆ ಎಲ್ಲ ಹುಟ್ಟುತ್ತದೆ. ಹುಟ್ಟಲಿ ಅಂತಲೇ ಕಾಯುತ್ತೇವೆ. ಒಂದು ಸಲ ಕಿತ್ತು, ಮತ್ತೆ ಹುಟ್ಟಲು ಬಿಟ್ಟು, ಇನ್ನೊಂದು ಸಲ ಕೀಳುತ್ತೇವೆ. ಜೇಕು ಇದ್ದರಂತೂ ಗೆಡ್ಡೆ ಸಮೇತ ತೆಗೆಯಬೇಕು. ಮೇಲಿನ ಎಲೆ ಕಿತ್ತರೆ ಏನೂ ಪ್ರಯೋಜನವಿಲ್ಲ. ಬೀಜ ಬಿದ್ದ ಮೇಲೆ ಈ ಅವಕಾಶ ಸಿಗುವುದಿಲ್ಲ, ಎಳೆ ಗರಿಕೆಯೂ ಕಳೆಯ ಜೊತೆಗೇ ಕಿತ್ತು ಬರುತ್ತದೆ.

ಬಿತ್ತುವ ದಿನದ ಕೆಲಸ ಸಣ್ಣದು. 1,000 ಚದರ ಅಡಿಗೆ ಅರ್ಧ ಕೆಜಿ ಬೀಜ. ಅದನ್ನು ಒಣ ಮರಳಿಗೆ ಬೆರೆಸಿ ಎರಡು ಪಾಲು ಮಾಡಿ, ಒಂದು ಪಾಲು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಎರಚುತ್ತೇವೆ. ರೇಕ್‌ನಲ್ಲಿ ಮೆಲ್ಲಗೆ ಎಳೆದು, ರೋಲರ್ ಉರುಳಿಸಿ, ಮೇಲೆ ತೆಳುವಾಗಿ ಒಣಹುಲ್ಲು ಹರಡುತ್ತೇವೆ, ಗುಬ್ಬಿ ಕಾಟ ತಪ್ಪಲಿ ಅಂತ. ಹದವಾಗಿದ್ದರೆ ಒಂದು–ಎರಡು ವಾರದಲ್ಲಿ ಕೂದಲಿನಂಥ ಹಸಿರು ಗೆರೆಗಳು ಕಾಣುತ್ತವೆ. ಎರಡು ಇಂಚು ಬೆಳೆದ ಮೇಲೆ ಮೊದಲ ಕಟಿಂಗ್ ನಾವೇ ಬಂದು ಮಾಡುತ್ತೇವೆ. ಅಲ್ಲಿಯವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ ದಯವಿಟ್ಟು.

ಇನ್ನೊಂದು ಮಾತು. ಗರಿಕೆಗೆ ದಿನಕ್ಕೆ ಆರು ತಾಸಾದರೂ ನೇರ ಬಿಸಿಲು ಬೇಕು. ಮಾವಿನ ಮರದಡಿ, ಎತ್ತರದ ಕಾಂಪೌಂಡಿನ ಪಕ್ಕ ನಾವು ಬಿತ್ತುವುದಿಲ್ಲ. ಅಂಥ ಜಾಗಕ್ಕೆ ನೆರಳಿನ ಗಿಡಗಳೇ ಸರಿ, ಬಂದು ನೋಡಿ ಹೇಳುತ್ತೇವೆ.

ಬಿತ್ತನೆಯ ದರ ಹೆಚ್ಚಿಸಿಲ್ಲ. ಬೇಸಿಗೆ ಬಿತ್ತನೆಗೆ ಈಗಾಗಲೇ ಮುಂಗಡ ಕೊಟ್ಟವರಿಗೆ ಜೂನ್‌ನಲ್ಲಿ ಮೊದಲ ಸರದಿ. ಕಾಯಲು ಇಷ್ಟವಿಲ್ಲದಿದ್ದರೆ ಪೂರ್ತಿ ಹಣ ವಾಪಸ್. ಗೃಹಪ್ರವೇಶ ಹತ್ತಿರ ಇರುವವರಿಗೆ ಆ ದಿನಕ್ಕೆ ಕುಂಡದ ಗಿಡಗಳನ್ನು ತಂದು ಜೋಡಿಸಿಕೊಡುತ್ತೇವೆ, ಬಾಡಿಗೆ ಇಲ್ಲ, ಸಾಗಾಟದ ಖರ್ಚು ಮಾತ್ರ.

ಜಾಗ ನೋಡಲು ಏಪ್ರಿಲ್ 15ರೊಳಗೆ ಹೆಸರು ಬರೆಸಿ. ತಡವಾದರೆ ಮಣ್ಣಿನ ಕೆಲಸಕ್ಕೆ ಸಮಯ ಸಾಲದೆ ಮುಂದಿನ ವರ್ಷಕ್ಕೆ ಹೋಗುತ್ತದೆ. ಬರುವಾಗ ಅಳತೆ ಬರೆದುಕೊಂಡು ಬನ್ನಿ, ಬೆಳಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ತೆಗೆದ ಜಾಗದ ಎರಡು ಫೋಟೋ ಇರಲಿ. ಬಿಸಿಲು ಎಲ್ಲಿವರೆಗೆ ಬರುತ್ತದೆ ಅಂತ ಅದರಲ್ಲೇ ಗೊತ್ತಾಗುತ್ತದೆ.

ನಿಮ್ಮ ನರ್ಸರಿ ಬಳಗ