ಕ್ಷೌರದಂಗಡಿಯ ಕುರ್ಚಿ ಮತ್ತು ಭ್ರಾತೃಭಾವನೆ

ಮಾನ್ಯ ಸಂಪಾದಕರೇ,

ನವೆಂಬರ್ 26 ಬಂತೆಂದರೆ ಶಾಲೆ, ಕಚೇರಿಗಳಲ್ಲಿ ಎಲ್ಲರೂ ಬಲಗೈ ಮುಂದೆ ಚಾಚಿ ಸಂವಿಧಾನದ ಪೀಠಿಕೆ ಓದುತ್ತಾರೆ. ಓದಲೇಬೇಕು. ನಾನೂ ಓದಿಸಿದವನು. 2023ರಲ್ಲಿ ನಮ್ಮ ರಾಜ್ಯ ಸರ್ಕಾರ ಶಾಲೆಗಳಲ್ಲಿ ಪೀಠಿಕೆಯ ಓದು ಕಡ್ಡಾಯ ಎಂದಾಗ, ಮೈಸೂರು ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದ ನನ್ನ ಪಾಲಿಗೇ ಆ ಕೆಲಸ ಬಂತು. ಮಕ್ಕಳಿಗೆ 'ಸಾರ್ವಭೌಮ' ಬೇಗ ಬಾಯಿಗೆ ಬಂತು. 'ಭ್ರಾತೃಭಾವನೆ' ಮಾತ್ರ ತಿಂಗಳಾದರೂ ತೊಡರುತ್ತಲೇ ಇತ್ತು. ಒಂಬತ್ತನೇ ತರಗತಿಯ ಒಬ್ಬ ಹುಡುಗನಿಗೆ ಮಾತ್ರ ಅದು ಸ್ಪಷ್ಟವಾಗಿ ಬರುತ್ತಿತ್ತು. ಹಾಗಾಗಿ ಅವನೇ ಮುಂದೆ ನಿಂತು ಹೇಳಿಕೊಡುತ್ತಿದ್ದ.

ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ಆ ಹುಡುಗನನ್ನೇ ಸಾಲಿನಿಂದ ಹೊರಗೆ ಕರೆದೆ. ಕೂದಲು ಕಿವಿ ಮುಚ್ಚಿ ಕಾಲರಿನ ಮೇಲೆ ಬಿದ್ದಿತ್ತು. 'ಸೋಮವಾರದೊಳಗೆ ಕಟಿಂಗ್ ಮಾಡಿಸ್ಕೊಂಡು ಬಾ' ಎಂದೆ. ಸೋಮವಾರವೂ ಹಾಗೇ ಬಂದ. ಎರಡು ದಿನ ತರಗತಿಯ ಹೊರಗೆ ನಿಲ್ಲಿಸಿದೆ. ತಲೆ ತಗ್ಗಿಸಿ ನಿಂತ, ಒಂದು ಮಾತಾಡಲಿಲ್ಲ. ಮೂರನೇ ದಿನ ಬೇರೊಬ್ಬ ಹುಡುಗ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಹೇಳಿದ: 'ಸಾರ್, ಅವ್ರಿಗೆ ಇಲ್ಲಿ ಮಾಡಲ್ಲ. ಅವ್ರಪ್ಪನಿಗೆ ಬಟವಾಡೆ ಆದ್ಮೇಲೆ ಟೌನಿಗೆ ಹೋಗಿ ಮಾಡಿಸ್ಕೊಂಡು ಬರ್ತಾನೆ.'

ಆ ಊರಿನ ಆ ಒಂದೇ ಅಂಗಡಿಯ ಕುರ್ಚಿಯಲ್ಲಿ ಹನ್ನೊಂದು ವರ್ಷ ನಾನು ತಲೆ ಕೊಟ್ಟು ಕೂತಿದ್ದೆ. ಕನ್ನಡಿಯಲ್ಲಿ ನನ್ನ ಹಿಂದಿನ ಬೆಂಚು ಕಾಣುತ್ತಿತ್ತು. ಆ ಬೆಂಚಿನ ಮೇಲೆ ದಲಿತರ ಕೇರಿಯ ಒಬ್ಬ ಮನುಷ್ಯನನ್ನೂ ನೋಡಿದ ನೆನಪಿಲ್ಲ, ಅದು ನನ್ನ ಗಮನಕ್ಕೂ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚಿಗೆ ಸುಡುವುದು ಇನ್ನೊಂದು: ಊರು ಆ ಹುಡುಗನಿಗೆ ಮಾಡಿದ ತಪ್ಪಿಗೆ ನಾನು ಅವನಿಗೇ ಶಿಕ್ಷೆ ಕೊಟ್ಟಿದ್ದೆ, ಅದೂ ಪೀಠಿಕೆ ಹೇಳಿಸಿದ ಐದೇ ನಿಮಿಷಕ್ಕೆ.

ಅಂಗಡಿಯವನನ್ನು ಕೇಳಿದೆ. ಕೆಟ್ಟ ಮನುಷ್ಯನಲ್ಲ. 'ನನಗೇನು ಮೇಷ್ಟ್ರೇ, ಯಾರ ತಲೆಯಾದ್ರೂ ಒಂದೇ. ಅವ್ರನ್ನ ಕೂರಿಸಿದ ಮರುದಿನ ಊರಿನವ್ರು ಬರೋದು ನಿಲ್ಲಿಸ್ತಾರೆ. ಮನೆಗೆ ಅಕ್ಕಿ ಯಾರು ಹಾಕ್ತಾರೆ?' ಎಂದ. ಹುಡುಗನನ್ನು ನಾನೇ ಕರೆದುಕೊಂಡು ಹೋದ ಭಾನುವಾರ ಅಂಗಡಿಗೆ ಬೀಗ ಬಿದ್ದಿತ್ತು. ಮುಂದಿನ ವಾರವೂ ಬೀಗವೇ. ಆಮೇಲೆ ನಾನೂ ಟೌನಿಗೇ ಹೋಗತೊಡಗಿದೆ. ಅದರಿಂದ ಹುಡುಗನಿಗೇನೂ ಆಗಲಿಲ್ಲ. ಬಸ್ ಚಾರ್ಜು, ಕಟಿಂಗಿನ ದುಡ್ಡು ಸೇರಿದರೆ ಅವನ ಮನೆಗೆ ಅದು ಸಣ್ಣ ಖರ್ಚಲ್ಲ.

ಸಂವಿಧಾನ ರಚನಾ ಸಭೆ ಇದನ್ನು ಯೋಚಿಸಿರಲಿಲ್ಲವೇ? ಯೋಚಿಸಿತ್ತು. ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟಗಳಲ್ಲಿ ಭೇದ ಕೂಡದು ಎನ್ನುವ ಈಗಿನ 15ನೇ ವಿಧಿ 1948ರ ನವೆಂಬರ್ 29ರಂದು ಚರ್ಚೆಗೆ ಬಂದಾಗ 'ಅಂಗಡಿ' ಎಂದರೆ ಏನೇನು ಎಂಬ ಪ್ರಶ್ನೆ ಎದ್ದಿತು. ಒಳಗೆ ಕಾಲಿಡುವ ಅವಕಾಶವಷ್ಟೇ ಅದರ ಅರ್ಥವಲ್ಲ, ಕೇಳಿ ಬಂದವರಿಗೆ ಮಾಲೀಕ ತನ್ನ ಸೇವೆ ಒದಗಿಸುವ ಜಾಗವೆಲ್ಲ ಅಂಗಡಿಯೇ ಎಂದು ಅಂಬೇಡ್ಕರ್ ಬಿಡಿಸಿ ಹೇಳಿದರು. ಅದೇ ದಿನ ಅಸ್ಪೃಶ್ಯತೆಯನ್ನು ರದ್ದು ಮಾಡುವ, ಈಗಿನ 17ನೇ ವಿಧಿಗೂ ಒಪ್ಪಿಗೆ ಸಿಕ್ಕಿತು. ಸಭೆಯಲ್ಲಿ ಮಹಾತ್ಮ ಗಾಂಧಿಗೆ ಜೈಕಾರ ಮೊಳಗಿತು. ಆದರೆ ಸಭೆಯಲ್ಲಿದ್ದ ಏಕೈಕ ದಲಿತ ಮಹಿಳೆ, ಕೊಚ್ಚಿಯ ದಾಕ್ಷಾಯಣಿ ವೇಲಾಯುಧನ್ ಅಂದು ಆಡಿದ ಮಾತು ಬೇರೆಯದು. ಈ ಸಂವಿಧಾನ ನಡೆಯುವುದು ಕಾನೂನಿನ ಜಾರಿಯಿಂದಲ್ಲ, ಮುಂದೆ ಜನ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಿಂದ ಎಂದರು ಅವರು. ಆ ಚರ್ಚೆಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಮಾತೇ.

'ಭ್ರಾತೃಭಾವನೆ' ಎಂಬ ಪದ ಬಂದ ದಾರಿಯನ್ನೂ ನೋಡಬೇಕು. ನೆಹರೂ 1946ರ ಡಿಸೆಂಬರಿನಲ್ಲಿ ಮಂಡಿಸಿದ ಧ್ಯೇಯ ನಿರ್ಣಯದಲ್ಲಿ ಅದು ಇರಲಿಲ್ಲ. ಕರಡು ಸಮಿತಿ 1948ರ ಫೆಬ್ರವರಿಯಲ್ಲಿ ತಾನಾಗಿಯೇ ಅದನ್ನು ಸೇರಿಸಿತು. ಸೋದರಭಾವದ ಅಗತ್ಯ ಹಿಂದೆಂದೂ ಇಷ್ಟು ಇರಲಿಲ್ಲ ಎಂದು ಕಾರಣವನ್ನೂ ಕೊಟ್ಟಿತು. ದೇಶ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ, ಗಾಂಧಿ ಕೊಲೆಯಾಗಿ ತಿಂಗಳೂ ಕಳೆದಿರಲಿಲ್ಲ. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್, ಭ್ರಾತೃತ್ವವಿಲ್ಲದಿದ್ದರೆ ಸಮಾನತೆ, ಸ್ವಾತಂತ್ರ್ಯಗಳು ಬಳಿದ ಬಣ್ಣಕ್ಕಿಂತ ಆಳಕ್ಕೆ ಇಳಿಯುವುದಿಲ್ಲ ಎಂದರು.

ಪೀಠಿಕೆಗೆ 1976ರಲ್ಲಿ ಸೇರಿದ 'ಸಮಾಜವಾದಿ', 'ಜಾತ್ಯತೀತ' ಎಂಬ ಪದಗಳಿಗಾಗಿ ಇಂದಿಗೂ ಜಗಳ ನಡೆಯುತ್ತದೆ, ಸುಪ್ರೀಂ ಕೋರ್ಟಿನವರೆಗೂ ಹೋಗುತ್ತದೆ. ಭ್ರಾತೃತ್ವದ ಬಗ್ಗೆ ಯಾವ ಪಕ್ಷದಲ್ಲೂ ತಕರಾರಿಲ್ಲ. ಎಲ್ಲರೂ ಒಪ್ಪಿದ್ದಾರೆ, ಯಾರೂ ಲೆಕ್ಕ ಕೇಳುವುದಿಲ್ಲ.

ದೇಶ ಏನನ್ನೂ ಸಾಧಿಸಿಲ್ಲ ಎಂದು ನಾನು ಹೇಳುವವನಲ್ಲ. ಓದು ಬಾರದ ಕೋಟ್ಯಂತರ ಜನರಿಗೆ ಮೊದಲ ಚುನಾವಣೆಯಲ್ಲೇ ಮತದ ಹಕ್ಕು ಕೊಟ್ಟ ದೇಶ ಇದು. ನಮ್ಮ ಶಾಲೆಯೇ ಮತಗಟ್ಟೆಯಾಗಿದ್ದ ದಿನ ಊರವರೂ ಕೇರಿಯವರೂ ಒಂದೇ ಸಾಲಿನಲ್ಲಿ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ, ಒಂದೇ ಶಾಯಿ ಎಲ್ಲರ ಬೆರಳಿಗೂ. ಮೀಸಲಾತಿ ಇಲ್ಲದಿದ್ದರೆ ನನ್ನ ಹಲವು ಸಹೋದ್ಯೋಗಿಗಳು ಆ ಸ್ಟಾಫ್ ರೂಮಿಗೆ ಬರುತ್ತಲೇ ಇರಲಿಲ್ಲ. ಸರ್ಕಾರ ಕೊಡಬಹುದಾದದ್ದು ಬಹಳಷ್ಟು ಸಿಕ್ಕಿದೆ. ನೆರೆಯವನು ಕೊಡಬೇಕಾದದ್ದು ಸಿಕ್ಕಿಲ್ಲ.

ಇದು ನಾನಿದ್ದ ಊರೊಂದರ ಕಥೆಯಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿದ್ದಾಗಲೂ ಹಿಂದೆ ಇದ್ದದ್ದು ಕ್ಷೌರದಂಗಡಿ ಮತ್ತು ಹೋಟೆಲಿನ ಪ್ರವೇಶದ ತಕರಾರು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರಲ್ಲಿ ಉತ್ಸವದ ದೇವರ ಕೋಲು ಮುಟ್ಟಿದ ಹದಿನೈದರ ದಲಿತ ಹುಡುಗನ ಮನೆಗೆ ಊರಿನವರೇ 60,000 ರೂಪಾಯಿ ದಂಡ ಹಾಕಿದ್ದರು. ಇತ್ತ ನಮ್ಮ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲಿ, ಅಂಗಡಿಯಲ್ಲಿ ಸೇವೆ ನಿರಾಕರಿಸಿದವನಿಗೆ ಒಂದರಿಂದ ಆರು ತಿಂಗಳ ಸಜೆ, ಜೊತೆಗೆ 100ರಿಂದ 500 ರೂಪಾಯಿ ದಂಡ. ಎರಡೂ ದಂಡಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಅಂಗಡಿಯವನನ್ನು ಜೈಲಿಗೆ ಕಳಿಸಿ ಎಂದು ನಾನು ಕೇಳುತ್ತಿಲ್ಲ. ಅವನ ಹೆದರಿಕೆ ನಿಜ. ಅದನ್ನು ತೆಗೆಯಬೇಕಾದವರು ಅವನ ಗಿರಾಕಿಗಳು, ಅಂದರೆ ನನ್ನಂಥವರು, ಪಂಚಾಯಿತಿಯವರು. ಪಂಚಾಯಿತಿ ಮಳಿಗೆಯಲ್ಲಿ ಬಾಡಿಗೆಗಿರುವ ಪ್ರತಿ ಅಂಗಡಿಯ ಕರಾರಿನಲ್ಲಿ 'ಎಲ್ಲರಿಗೂ ಸೇವೆ' ಎಂಬ ಒಂದು ಸಾಲು ಸೇರಲಿ. ಸಂವಿಧಾನ ದಿನದಂದು ಪೀಠಿಕೆಯ ಜೊತೆಗೆ 15 ಮತ್ತು 17ನೇ ವಿಧಿಗಳನ್ನೂ ಊರ ನಡುವೆ, ಅಂಗಡಿ ಬೀದಿಯಲ್ಲಿ ನಿಂತು ಓದಲಿ. ಓದಿದ ಅಧ್ಯಕ್ಷರು, ಸದಸ್ಯರು, ಮೇಷ್ಟ್ರುಗಳು ಅಲ್ಲಿಂದ ನೇರವಾಗಿ ಕೇರಿಯ ಹುಡುಗರನ್ನು ಕರೆದುಕೊಂಡು ಅಂಗಡಿಗೆ ಹೋಗಿ, ಅವರ ಸರದಿ ಮುಗಿಯುವ ತನಕ ಆ ಬೆಂಚಿನ ಮೇಲೆ ಕೂರಲಿ. ನಾನು ಒಬ್ಬನೇ ಹೋದದ್ದರಿಂದ ಬೀಗ ಬಿತ್ತು. ಇಪ್ಪತ್ತು ಜನ ಹೋದರೆ ಬೀಗ ಹಾಕುವ ಧೈರ್ಯ ಯಾರಿಗೂ ಬರಲಾರದು, ಹಾಕುವ ಅಗತ್ಯವೂ ಇರದು.

ಆ ಹುಡುಗ ಮೊನ್ನೆ ಟೌನಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ಪಿಯುಸಿ ಓದುತ್ತಿದ್ದಾನೆ, ಹಾಸ್ಟೆಲಿನಲ್ಲಿದ್ದಾನೆ. ಕೂದಲು ನೀಟಾಗಿ ಕತ್ತರಿಸಿಕೊಂಡಿದ್ದ. 'ಇಲ್ಲಿ ಯಾರೂ ಏನೂ ಕೇಳಲ್ಲ ಸಾರ್' ಎಂದ. ಅವನ ತಮ್ಮ ಈ ವರ್ಷ ಅದೇ ಶಾಲೆಯಲ್ಲಿ ಎಂಟನೇ ತರಗತಿಗೆ ಸೇರಿದ್ದಾನೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕ
ಮೈಸೂರು ಜಿಲ್ಲೆ