ಆ ದಿನ ನಾನು ಮನೆಯಲ್ಲೇ ಇದ್ದೆ

ಶಿಡ್ಲಘಟ್ಟ
ಭಾನುವಾರ ರಾತ್ರಿ

ಮಗಳೇ,

ನಾಲ್ಕು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅಮ್ಮನ ಫೋನಿನಿಂದ ಮಾಡಿದರೆ ಎತ್ತುತ್ತೀಯೆ, ನನ್ನ ದನಿ ಕೇಳಿದ ಕೂಡಲೇ ಡ್ಯೂಟಿಗೆ ಹೊತ್ತಾಯಿತು ಎನ್ನುತ್ತೀಯೆ. ಪಕ್ಕದ ಮನೆಯ ಹುಡುಗ ನಾಳೆ ಬೆಳಿಗ್ಗೆ ಬೆಂಗಳೂರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಕಾಗದ ಕಳುಹಿಸುತ್ತಿದ್ದೇನೆ. ಕೋಪ ಇದ್ದರೂ ಓದು.

ಬುಧವಾರ ನಿನ್ನ ಮೊಬೈಲ್ ಆಪ್ ಸಾಲದ ವಸೂಲಿಗೆಂದು ಆ ಮನುಷ್ಯ ಫೋನ್ ಮಾಡಿದಾಗ ನಾನು ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿದ್ದೆ. ಹರಾಜು ನಡೆಯುತ್ತಿತ್ತು. ನಿನ್ನ ಹೆಸರು ಹೇಳಿ, ನಿನ್ನ ತಂದೆಯೇ ಎಂದು ಕೇಳಿದ. ಹೌದು ಎಂದೆ. ಆಮೇಲೆ ಅವನು ಆಡಿದ ಮಾತುಗಳನ್ನು ಬರೆಯಲಾರೆ. ಹತ್ತು ನಿಮಿಷದೊಳಗೆ ನಿನ್ನ ಫೋಟೊ, ಅದರ ಕೆಳಗೆ ಕಳ್ಳಿ ಎಂಬ ಮಾತು, ನಮ್ಮ ಬೀದಿಯ ಮೂವರ ಮೊಬೈಲಿಗೆ ಬಂದಿತ್ತು. ಅದೇ ಸಿಟ್ಟಿನಲ್ಲಿ ನಿನಗೆ ಫೋನ್ ಮಾಡಿ ಮನೆಯ ಮರ್ಯಾದೆ ತೆಗೆದೆ ಎಂದು ಕೂಗಾಡಿದೆ. ಊಟ ಮಾಡಿದೆಯಾ, ಹೇಗಿದ್ದೀಯ ಎಂದು ಮೊದಲು ಕೇಳಬೇಕಾಗಿತ್ತು. ಕೇಳಲಿಲ್ಲ. ಅದಕ್ಕೆ ನೀನು ಕೊಟ್ಟ ಉತ್ತರ ಒಂದೇ: "ನನ್ನ ಸಿಬಿಲ್ ಹಾಳು ಮಾಡಿದ್ದು ಯಾರಪ್ಪಾ?"

ನನಗೆ ಅರ್ಥವಾಗಲಿಲ್ಲ. ಮಾರನೆಯ ದಿನ ಬ್ಯಾಂಕಿಗೆ ಹೋದೆ. ಅಲ್ಲಿದ್ದ ಹುಡುಗಿ, ನಿನ್ನದೇ ವಯಸ್ಸಿನವಳು, ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದಳು. ನಿನ್ನ ನರ್ಸಿಂಗ್ ಓದಿಗೆ ತೆಗೆದ ಸಾಲ ನಿನ್ನ ಹೆಸರಿನಲ್ಲಿ, ಜೊತೆಗೆ ನನ್ನ ಸಹಿ. "ನೀನು ಓದಿನ ಕಡೆ ಗಮನ ಕೊಡು, ಕಂತು ನನಗೆ ಬಿಡು" ಎಂದಿದ್ದೆ. ಏಳು ತಿಂಗಳು ಕಟ್ಟಿದೆ. ಆಮೇಲೆ ಹನ್ನೊಂದು ತಿಂಗಳು ಕಟ್ಟಲಿಲ್ಲ. ಬ್ಯಾಂಕಿನಿಂದ ಬಂದ ಕಾಗದಗಳನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟೆ. ನೂಲಿನ ದರ ಏರಿದರೆ ಒಟ್ಟಿಗೇ ಕಟ್ಟಿಬಿಡೋಣ, ನಿನಗೇಕೆ ಹೇಳಿ ನೋಯಿಸುವುದು ಎಂದುಕೊಂಡಿದ್ದೆ. ಕಟ್ಟದ ಒಂದೊಂದು ಕಂತೂ ನಿನ್ನ ಹೆಸರಿನ ಮುಂದೆ ದಾಖಲಾಗುತ್ತಿತ್ತು ಎಂದು ನನಗೆ ತಿಳಿದಿರಲಿಲ್ಲ. ಸಾಲ ಸರಿಯಾಗಿ ಕಟ್ಟಿದ್ದೇವೆಯೇ ಎಂದು ನೋಡಿ 300ರಿಂದ 900ರವರೆಗೆ ಅಂಕ ಕೊಡುತ್ತಾರಂತೆ, ಅದೇ ಸಿಬಿಲ್ ಅಂತೆ, 750ರ ಮೇಲಿದ್ದರೆ ಬ್ಯಾಂಕಿನವರು ಕೂರಿಸಿ ಮಾತನಾಡುತ್ತಾರಂತೆ. ನಿನ್ನದು ಎಷ್ಟಿತ್ತು ಎಂದು ನಿನಗೆ ಗೊತ್ತು. ಮನೆಯ ಅಡ್ವಾನ್ಸಿಗೆಂದು ನೀನು ಬ್ಯಾಂಕಿನಲ್ಲಿ ಸಾಲ ಕೇಳಿದಾಗ ಅವರು ಇಲ್ಲ ಎಂದದ್ದು ನಿನ್ನ ತಪ್ಪಿಗಲ್ಲ, ನನ್ನ ತಪ್ಪಿಗೆ. ತಪ್ಪಾಯಿತು ಮಗಳೇ. ಇದನ್ನು ಬುಧವಾರವೇ ಹೇಳಬೇಕಿತ್ತು.

ಆದರೆ ನನ್ನ ನಿದ್ದೆ ಕೆಡಿಸಿರುವುದು ಇದೊಂದೇ ಅಲ್ಲ. ಮೂರು ವಾರದ ಹಿಂದೆ ಇದೇ ತರಹದ ಒಂದು ಕರೆ ಬಂದಿತ್ತು. ನಿನ್ನನ್ನು ಕೇಳಿದಾಗ "ಯಾರೋ ತಪ್ಪು ನಂಬರ್ ಅಪ್ಪ" ಎಂದೆ. ಎಷ್ಟು ಸಲೀಸಾಗಿ ಹೇಳಿದೆ! ಆ ದನಿಯನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೇನೆ.

2011ನೇ ಇಸವಿ. ಆಗ ನಿನಗೆ ಹನ್ನೊಂದು ವರ್ಷ. ಆ ವರ್ಷದ ಬಜೆಟ್‌ನಲ್ಲಿ ಹೊರದೇಶದ ಕಚ್ಚಾ ರೇಷ್ಮೆಯ ಮೇಲಿನ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿದರು. ನಾನು ಹೆಚ್ಚಿನ ದರಕ್ಕೆ ಗೂಡು ಕೊಂಡು ಕೂತಿದ್ದೆ, ನೂಲಿನ ದರ ಕುಸಿಯಿತು. ನಮ್ಮ ಕಸುಬು ನಿನಗೆ ಗೊತ್ತಿದೆ: ಗೂಡಿಗೆ ಕೈಮೇಲೆ ಹಣ ಕೊಡಬೇಕು, ನೂಲು ಮಾರಿದ ಹಣ ಕೈಗೆ ಬರಲು ಹತ್ತು ಹದಿನೈದು ದಿನ ಹಿಡಿಯುತ್ತದೆ. ಆ ನಡುವಿನ ದಿನಗಳನ್ನು ದಾಟಿಸಲು ಬ್ಯಾಂಕಿನವರು ಬರುವುದಿಲ್ಲ, ಬಡ್ಡಿಯವರು ಬರುತ್ತಾರೆ. 40,000 ರೂಪಾಯಿ ತೆಗೆದಿದ್ದೆ, ತಿಂಗಳಿಗೆ ನೂರಕ್ಕೆ ಹತ್ತು. ಹದಿನಾಲ್ಕು ತಿಂಗಳಲ್ಲಿ 56,000 ರೂಪಾಯಿ ಬಡ್ಡಿ ಕಟ್ಟಿದ್ದೆ, ಅಸಲು ಹಾಗೇ ನಿಂತಿತ್ತು. ಆಮೇಲೆ ಬಡ್ಡಿಗೂ ಹಣ ಇಲ್ಲವಾಯಿತು.

ಆ ದಿನ ಬೆಳಿಗ್ಗೆ ಬೀದಿಯ ತಿರುವಿನಲ್ಲಿ ಆ ಬಡ್ಡಿಯವನ ಬೈಕಿನ ಸದ್ದು ಕೇಳಿತು. ಅಮ್ಮ ನೀರಿಗೆ ಹೋಗಿದ್ದಳು. ನೀನು ಜಗಲಿಯ ಮೇಲೆ ಕುಳಿತು ಲೆಕ್ಕ ಬಿಡಿಸುತ್ತಿದ್ದೆ. "ಅಪ್ಪ ಮನೆಯಲ್ಲಿ ಇಲ್ಲ ಎಂದು ಹೇಳು" ಎಂದು ನಿನಗೆ ಹೇಳಿ ಗೂಡಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಚೀಲಗಳ ನಡುವೆ ಕೂತೆ. ಸತ್ತ ಹುಳುವಿನ ವಾಸನೆ, ಸೆಕೆ, ಬಾಗಿಲಿನ ಬಿರುಕಿನಲ್ಲಿ ಒಂದಿಷ್ಟು ಬೆಳಕು. ಆ ಬಿರುಕಿನಿಂದ ನಿನ್ನ ಬೆನ್ನು ಕಾಣುತ್ತಿತ್ತು, ಎರಡು ಜಡೆ ಕಾಣುತ್ತಿತ್ತು.

ಅಪ್ಪ ಎಲ್ಲಿ ಎಂದು ಅವನು ಕೇಳಿದ. "ಬೆಂಗಳೂರಿಗೆ ಹೋಗಿದ್ದಾರೆ, ನೂಲು ಮಾರುವುದಕ್ಕೆ" ಎಂದೆ. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾವ ಬಸ್ಸಿಗೆ ಎಂದ. "ಆರು ಗಂಟೆಯ ಬಸ್ಸಿಗೆ." ಅದನ್ನೂ ನಾನು ಹೇಳಿಕೊಟ್ಟಿರಲಿಲ್ಲ. ಆಗ ಅವನ ಕಣ್ಣು ಹೊಸ್ತಿಲ ಪಕ್ಕ ಬಿಟ್ಟಿದ್ದ ನನ್ನ ಚಪ್ಪಲಿಯ ಮೇಲೆ ಬಿತ್ತು. ನೀನೂ ಅದನ್ನು ನೋಡಿದೆ. ಎದ್ದು ಬಂದು ಆ ಚಪ್ಪಲಿಯೊಳಗೆ ನಿನ್ನ ಕಾಲು ತೂರಿಸಿ, ಪುಸ್ತಕ ಎದೆಗೆ ಒತ್ತಿ ಹಿಡಿದುಕೊಂಡು ಅವನ ಮುಂದೆ ನಿಂತೆ. ಮನೆಯಲ್ಲಿ ದಿನವೂ ಅಪ್ಪನ ಹಳೆಯ ಚಪ್ಪಲಿ ಮೆಟ್ಟಿ ಓಡಾಡುವ ಹುಡುಗಿಯ ಹಾಗೆ. ನಿನ್ನ ಪಾದ ಆ ಚಪ್ಪಲಿಯ ತುಂಬ ಬರುತ್ತಿರಲಿಲ್ಲ. ಹಿಮ್ಮಡಿಯ ಹಿಂದೆ ಬರಿಯ ಚರ್ಮ, ನಡುವೆ ನನ್ನ ಹಿಮ್ಮಡಿ ಒತ್ತಿ ಒತ್ತಿ ಬಿದ್ದ ಗುಳಿ. ಅವನು ಹೊರಟುಹೋದ. ನೀನು ಮಾತ್ರ ಬೈಕಿನ ಸದ್ದು ಪೂರ್ತಿ ನಿಲ್ಲುವವರೆಗೂ ಅಲುಗಾಡಲಿಲ್ಲ.

ನಾನು ಹೊರಗೆ ಬಂದು ಏನು ಮಾಡಿದೆ ಎಂಬುದು ನೆನಪಿದೆಯೇ? ಬೆನ್ನು ತಟ್ಟಿ "ಜಾಣೆ" ಎಂದೆ. ಸಂಜೆ ಬಸ್ ನಿಲ್ದಾಣದ ಹೋಟೆಲಿನಲ್ಲಿ ನಿನ್ನೊಬ್ಬಳಿಗೇ ಮಸಾಲೆ ದೋಸೆ ಕೊಡಿಸಿದೆ. ನನಗೆ ಕಾಫಿಗೂ ದುಡ್ಡಿರಲಿಲ್ಲ. ನೀನು ತಿನ್ನುವುದನ್ನು ನೋಡುತ್ತಾ, ಇಂಥ ಮಗಳು ಯಾರಿಗಿದ್ದಾಳೆ ಎಂದು ಹೆಮ್ಮೆ ಪಟ್ಟೆ. ಆಮೇಲೆ ಎಷ್ಟೋ ವರ್ಷ ನಂಟರ ಮುಂದೆ ಆ ಚಪ್ಪಲಿಯ ಕತೆಯನ್ನು ನಗುನಗುತ್ತಾ ಹೇಳಿದ್ದೇನೆ. ಈ ನಾಲ್ಕು ರಾತ್ರಿಗಳಲ್ಲಿ ಅದೇ ಕತೆ ನನ್ನ ಎದೆಯ ಮೇಲೆ ಕೂತಿದೆ. ಸಾಲ ಕೊಟ್ಟವನು ಬಂದರೆ ಏನು ಮಾಡಬೇಕು ಎಂಬುದನ್ನು ನಿನಗೆ ಕಲಿಸಿದವನು ನಾನು. ಕಲಿತದ್ದಕ್ಕೆ ದೋಸೆ ಕೊಡಿಸಿದವನೂ ನಾನು. ನೀನು ನಾಲ್ಕು ಆಪ್‌ಗಳಲ್ಲಿ ಸಾಲ ಮಾಡಿ, ಒಂದಕ್ಕೆ ಕಟ್ಟಲು ಇನ್ನೊಂದರಲ್ಲಿ ತೆಗೆದು, ರಾತ್ರಿ ಪಾಳಿಯಲ್ಲಿ ಹತ್ತಾರು ರೋಗಿಗಳ ಡ್ರಿಪ್ ನೋಡಿಕೊಂಡು, ನಮ್ಮ ಜೊತೆ ಫೋನಿನಲ್ಲಿ ಮಳೆ ಬಂತೇ ಎಂದು ಮಾತನಾಡುತ್ತಿದ್ದೆ. ಆ ಚಪ್ಪಲಿಯಲ್ಲಿ ನೀನು ಇನ್ನೂ ನಿಂತೇ ಇದ್ದೀಯೇನೋ ಎಂದು ನನಗೆ ಭಯವಾಗುತ್ತದೆ.

ಬುದ್ಧಿ ಹೇಳಬಾರದು ಎಂದುಕೊಂಡೇ ಕೂತಿದ್ದೆ. ಆದರೂ ಲೆಕ್ಕ ಹೇಳದೆ ಇರಲಾರೆ. ಮೊದಲ ಆಪ್‌ನಲ್ಲಿ 10,000 ಸಾಲ ಎಂದು ತೋರಿಸಿ ನಿನ್ನ ಖಾತೆಗೆ ಹಾಕಿದ್ದು 6,500, ಏಳನೆಯ ದಿನಕ್ಕೆ ಪೂರ್ತಿ 10,000 ಕಟ್ಟಬೇಕು ಎಂದರು ಎಂದು ಅಮ್ಮ ಹೇಳಿದಳು. ನನ್ನ ನೂಲಿನ ಲೆಕ್ಕದ ಪುಸ್ತಕದಲ್ಲೇ ಲೆಕ್ಕ ಹಾಕಿ ನೋಡಿದೆ. 6,500ಕ್ಕೆ ಒಂದು ವಾರಕ್ಕೆ 3,500 ಎಂದರೆ ವಾರಕ್ಕೆ ನೂರಕ್ಕೆ 54 ರೂಪಾಯಿ ಬಡ್ಡಿ. ನನ್ನನ್ನು ಗೂಡಿನ ಕೋಣೆಗೆ ಅಟ್ಟಿದವನು ಐದು ತಿಂಗಳಿಗೂ ಹೆಚ್ಚು ಕಾಲ ತೆಗೆದುಕೊಂಡು ಹಿಂಡುತ್ತಿದ್ದುದನ್ನು ಇವರು ಏಳು ದಿನದಲ್ಲಿ ಹಿಂಡುತ್ತಾರೆ. ಇದಕ್ಕೆ ಸಂಬಳ ಸಾಲುವುದಿಲ್ಲ. ಯಾರ ಸಂಬಳವೂ ಸಾಲುವುದಿಲ್ಲ. ಕಷ್ಟಪಟ್ಟು ದುಡಿದರೆ ತೀರಿಸಬಹುದು ಎಂದು ನೀನು ಎರಡೆರಡು ಪಾಳಿ ಮಾಡುತ್ತಿದ್ದೀಯಂತೆ. ಅದನ್ನು ನಿಲ್ಲಿಸು. ಐದನೆಯ ಆಪ್ ಮಾತ್ರ ಮುಟ್ಟಬೇಡ. ಹದಿನಾಲ್ಕು ತಿಂಗಳು ಬಡ್ಡಿ ಕಟ್ಟಿಯೂ ಅಸಲು ಹಾಗೇ ಉಳಿದದ್ದನ್ನು ನೋಡಿದವನು ಹೇಳುತ್ತಿದ್ದೇನೆ.

ಶುಕ್ರವಾರ ತಾಲ್ಲೂಕು ಕೋರ್ಟಿನ ಹತ್ತಿರ ಒಬ್ಬ ವಕೀಲರನ್ನು ಕಂಡೆ. ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಆಪ್ ಮೂಲಕ ಸಾಲ ಕೊಡುವವರಿಗೆ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಎಲ್ಲ ಖರ್ಚೂ ಸೇರಿ ವರ್ಷಕ್ಕೆ ಶೇಕಡ ಎಷ್ಟಾಗುತ್ತದೆ ಎಂದು ಸಾಲ ಕೊಡುವ ಮೊದಲೇ ಬರೆದು ಕೊಡಬೇಕು. ನಿನ್ನ ಮೊಬೈಲಿನಲ್ಲಿರುವ ನಂಬರುಗಳಿಗೆ, ಫೋಟೊಗಳಿಗೆ ಅವರು ಕೈ ಹಾಕುವಂತಿಲ್ಲ. ವಸೂಲಿಯವರು ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ಕರೆ ಮಾಡುವಂತಿಲ್ಲ. ನಿನಗೆ ರಾತ್ರಿ ಹನ್ನೊಂದಕ್ಕೆ ಕರೆ ಬರುತ್ತಿತ್ತಂತಲ್ಲ, ಅದು ತಪ್ಪು. ನಮ್ಮ ರಾಜ್ಯದಲ್ಲೂ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ಬಂದು, ಆಮೇಲೆ ಅದೇ ಕಾಯ್ದೆಯಾಗಿ, ಕಿರುಕುಳ ಕೊಡುವ ಸಾಲ ಕೊಟ್ಟವರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಎಂದಾಗಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳಿಗೆ ಅದು ಅನ್ವಯಿಸುವುದಿಲ್ಲ, ಅವುಗಳ ಮೇಲೆ ರಿಸರ್ವ್ ಬ್ಯಾಂಕಿಗೇ ದೂರು ಕೊಡಬೇಕು. ಆದ್ದರಿಂದ ನಿನ್ನ ನಾಲ್ಕು ಆಪ್‌ಗಳಲ್ಲಿ ಯಾವುದರ ಹಿಂದೆ ನೋಂದಾಯಿತ ಸಂಸ್ಥೆ ಇದೆ, ಯಾವುದರ ಹಿಂದೆ ಯಾರೂ ಇಲ್ಲ ಎಂದು ಮೊದಲು ನೋಡಬೇಕು. ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಪಟ್ಟಿ ಇದೆಯಂತೆ. ಇದ್ದವರ ಹಣವನ್ನು ಲೆಕ್ಕ ಮಾಡಿ ಹಿಂದಿರುಗಿಸೋಣ, ಕೈಗೆ ಬಂದದ್ದನ್ನು ಬಂದಿಲ್ಲ ಎನ್ನುವುದು ಬೇಡ. ಫೋಟೊ ಹರಡಿದವರ ಮೇಲೆ 1930ಕ್ಕೆ ಕರೆ ಮಾಡಿ ಸೈಬರ್ ಪೊಲೀಸರಿಗೆ ದೂರು ಕೊಡೋಣ. ನಾನು ಜೊತೆಗೆ ಬರುತ್ತೇನೆ. ಠಾಣೆಯಲ್ಲಿ ಏನು ಕೇಳುತ್ತಾರೋ ಎಂಬ ಅಂಜಿಕೆ ನನಗೂ ಇದೆ, ಆದರೂ ಬರುತ್ತೇನೆ.

ಇನ್ನೊಂದು ವಿಷಯ. ಗುರುವಾರ ಬ್ಯಾಂಕಿನಿಂದ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಒಳಗೆ ಹೋಗಿ ಬಂದು ಎರಡೆಳೆಯ ಸರವನ್ನು ನನ್ನ ಲೆಕ್ಕದ ಪುಸ್ತಕದ ಮೇಲೆ ಇಟ್ಟು ಒಲೆಯ ಮುಂದೆ ಕೂತಳು. ಅದನ್ನು ಬ್ಯಾಂಕಿನಲ್ಲೇ ಅಡವಿಟ್ಟೆ, ಮಾರುಕಟ್ಟೆಯ ಗಿರವಿ ಅಂಗಡಿಗೆ ಹೋಗಲಿಲ್ಲ. ಬ್ಯಾಂಕಿನಲ್ಲಿ ಬಡ್ಡಿ ವರ್ಷಕ್ಕೆ ನೂರಕ್ಕೆ ಹತ್ತರ ಆಸುಪಾಸು. ನಾನು ಹಿಂದೆ ಕಟ್ಟುತ್ತಿದ್ದದ್ದೂ ನೂರಕ್ಕೆ ಹತ್ತೇ, ತಿಂಗಳಿಗೆ. ನಮ್ಮ ಬೀದಿಯಲ್ಲಿ ಬಡ್ಡಿ ಮಾತನಾಡುವಾಗ ತಿಂಗಳು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದೇ ಇಲ್ಲ, ನೀನು ಇನ್ನು ಮುಂದೆ ಅದನ್ನೇ ಮೊದಲು ಕೇಳು. ಚಿನ್ನದ ಹಣದಲ್ಲಿ ನಿನ್ನ ಓದಿನ ಸಾಲದ ಹನ್ನೊಂದು ಕಂತನ್ನೂ ದಂಡವನ್ನೂ ಶುಕ್ರವಾರವೇ ಕಟ್ಟಿದೆ. ಒಂದಿಷ್ಟು ಕಡಿಮೆ ಮಾಡಿ ಒಂದೇ ಸಲ ಮುಗಿಸಿಕೊಳ್ಳಬಹುದೇ ಎಂದು ಕೇಳಿದ್ದೆ. ಆ ಹುಡುಗಿ ಬೇಡ ಎಂದಳು. ಹಾಗೆ ಮಾಡಿದರೆ ಸಾಲ ತೀರಿತು ಎಂದು ದಾಖಲಾಗುವುದಿಲ್ಲ, ರಾಜಿಯಾಯಿತು ಎಂದು ದಾಖಲಾಗುತ್ತದೆ, ಅದೂ ವರ್ಷಗಟ್ಟಲೆ ನಿನ್ನ ಹೆಸರಿಗೆ ಅಂಟಿಕೊಳ್ಳುತ್ತದೆ ಎಂದಳು. ಆದ್ದರಿಂದ ಪೂರ್ತಿ ಕಂತಿನಲ್ಲೇ ತೀರಿಸುತ್ತೇನೆ. ಪ್ರತಿ ತಿಂಗಳೂ ಕಟ್ಟಿದ ರಸೀದಿಯ ಫೋಟೊ ತೆಗೆದು ನಿನಗೆ ಕಳುಹಿಸುತ್ತೇನೆ. ನೀನು ಕೇಳದಿದ್ದರೂ ಕಳುಹಿಸುತ್ತೇನೆ. ಯಾವ ತಿಂಗಳಾದರೂ ಬರಲಿಲ್ಲ ಎಂದರೆ ಫೋನ್ ಮಾಡಿ ನನ್ನನ್ನು ಬಯ್ಯಿ.

ಅಮ್ಮನಿಗೆ ನೀನು ಹೇಳಿದ ಮೊತ್ತ 82,000. ಅದು ಪೂರ್ತಿ ನಿಜವೇ? ಹೆಚ್ಚಿದ್ದರೂ ಹೇಳು. ಸರದ ಹಣದಲ್ಲಿ ಇನ್ನೂ ಉಳಿದಿದೆ. ಉಳಿದದ್ದು ಸಾಲದಿದ್ದರೆ ನನ್ನ ಹತ್ತಿರ ನಾಲ್ಕು ಬೇಸಿನ್ ಇವೆ, ನಾಲ್ಕರಲ್ಲೂ ನೂಲು ತೆಗೆಯಬಹುದು. ನಿನ್ನನ್ನು ಓದಿಸಿದ್ದು ಸಾರ್ಥಕವಾಗಲಿಲ್ಲ ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ಹೋದ ತಿಂಗಳು ಎದುರುಮನೆಯ ಅಜ್ಜಿ ಎದೆ ನೋವು ಎಂದಾಗ ನೀನು ಫೋನಿನಲ್ಲೇ ಹೇಳಿದ ಹಾಗೆ ಮಾಡಿ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದರು. ಅವರು ಇವತ್ತೂ ಬಾಗಿಲಲ್ಲಿ ಕೂತು ನಿನ್ನನ್ನು ವಿಚಾರಿಸಿದರು. ಆ ಫೋಟೊ ಅವರ ಮೊಮ್ಮಗನ ಮೊಬೈಲಿಗೂ ಬಂದಿತ್ತು. ಅಳಿಸಿಬಿಟ್ಟೆ ಎಂದು ಹೇಳಿ, ಮಗು ಯಾವಾಗ ಬರುತ್ತದೆ ಎಂದು ಕೇಳಿದರು.

ಗುರುವಾರ ನಿನಗೆ ರಜೆ. ಬಾ. ಬ್ಯಾಂಕಿನ ಕಾಗದಗಳನ್ನೆಲ್ಲ ದೇವರ ಪಟದ ಹಿಂದಿನಿಂದ ತೆಗೆದು ಮೇಜಿನ ಮೇಲೆ ಇಟ್ಟಿದ್ದೇನೆ, ನೀನೇ ಕೂತು ಒಂದೊಂದಾಗಿ ಓದು. ಆ ಮನುಷ್ಯ ನಿನ್ನೆಯೂ ಎರಡು ಸಲ ಫೋನ್ ಮಾಡಿದ್ದ. ಎತ್ತಿದೆ. ನಾನೇ ಅವಳ ತಂದೆ, ಮನೆಯಲ್ಲೇ ಇದ್ದೇನೆ, ನಿನ್ನ ಸಂಸ್ಥೆಯ ಹೆಸರು ಮತ್ತು ನೋಂದಣಿ ಸಂಖ್ಯೆ ಹೇಳು, ಬರೆದುಕೊಳ್ಳುತ್ತೇನೆ ಎಂದೆ. ಅವನು ಫೋನ್ ಇಟ್ಟ.

ಬರುವವರೆಗೆ ಮೊಬೈಲಿನಿಂದ ಏನನ್ನೂ ಅಳಿಸಬೇಡ. ಅವರು ಕಳುಹಿಸಿದ ಸಂದೇಶಗಳು, ಕರೆ ಬಂದ ಹೊತ್ತು, ನಿನ್ನ ಖಾತೆಗೆ ಬಂದ ಹಣದ ವಿವರ, ಎಲ್ಲವೂ ಸಾಕ್ಷಿಗೆ ಬೇಕು ಎಂದು ವಕೀಲರು ಹೇಳಿದ್ದಾರೆ. ಅಮ್ಮ ಹುರುಳಿಕಾಳು ನೆನೆಹಾಕುತ್ತಾಳಂತೆ, ಯಾವ ಬಸ್ಸಿಗೆ ಬರುತ್ತೀ ಎಂದು ಅವಳಿಗಾದರೂ ತಿಳಿಸು.

ನಿನ್ನ
ಅಪ್ಪ